ಕೆಸರಲ್ಲಿ ಗಾಡಿ ಹೂತ್ರೆ ಏನು ಮಾಡ್ಬೇಕು? ಜಾಕ್, ಹಗ್ಗ, ಶ್ಯಾಕಲ್ ಯಾವುದಿರಬೇಕು, ಎಲ್ಲಿಡಬೇಕು?

ಈ ವಾರ ಬೆಳೆ ವಿಷಯ ಅಲ್ಲ, ಬೆಳೆ ಹೊರೋ ಗಾಡಿ ವಿಷಯ.

ನಾನಿರೋದು ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಲ್ಲಿ, ಜಮೀನಿರೋದು ಕನಕಪುರ ಕಡೆ. ವಾರಕ್ಕೊಮ್ಮೆ ಹೋಗಿ ಬರ್ತೀನಿ. ನಮ್ಮ ಕ್ರಾಸ್‌ಗಳಲ್ಲಿ ನಿಂತಿರೋ ಕೆಲವು ಜೀಪುಗಳ ಬಾನೆಟ್ ಮೇಲೆ ನಾಲ್ಕಡಿ ಉದ್ದದ ಹೈ-ಲಿಫ್ಟ್ ಜಾಕ್ ಫಳಫಳ ಅಂತಿರುತ್ತೆ. ಅವುಗಳಲ್ಲಿ ಎಷ್ಟೋ ಗಾಡಿ ಟಾರ್ ರಸ್ತೆ ಬಿಟ್ಟು ಇಳಿಯೋದೇ ಅಪರೂಪ. ಅದೇ ಊರಲ್ಲಿ ದಿನಾ ಗದ್ದೆ ಬದಿಗೆ ಹೋಗೋ ಪಿಕಪ್‌ನಲ್ಲಿ ನೋಡಿದ್ರೆ ಸೀಟ್ ಹಿಂದೆ ಒಂದು ಹಳೇ ಜಾಕ್, ಹ್ಯಾಂಡಲ್ ಇಲ್ಲ. ಹಗ್ಗ ಅಂದ್ರೆ ಹಸು ಕಟ್ಟೋ ಹಗ್ಗ.

ನಿಜಕ್ಕೂ ಈ ಸಾಮಾನು ಬೇಕಾಗಿರೋದು ನಮಗೆ. ಟೊಮೆಟೊ ಕ್ರೇಟ್ ತುಂಬಿದ ಗಾಡಿ ರಾತ್ರಿ ಹೂತ್ರೆ ಬೆಳಗಿನ ಹರಾಜು ಕೈತಪ್ಪುತ್ತೆ. ದುಡ್ಡಿನ ನಷ್ಟ ಹೇಗೋ ತಡ್ಕೋಬಹುದು. ಗಾಡಿ ಎತ್ತೋಕೆ, ಎಳೆಯೋಕೆ ಹೋಗಿ ಕೈಕಾಲು, ಜೀವ ಕಳ್ಕೊಂಡ್ರೆ ವಾಪಸ್ ಬರಲ್ಲ. ಅದಕ್ಕೇ ಇದನ್ನ ಸ್ವಲ್ಪ ವಿವರವಾಗಿ ಬರೀತಿದ್ದೀನಿ.

ಮೊದಲು ಲೆಕ್ಕ ತಿಳ್ಕೊಳ್ಳಿ

ಹೂತ ಗಾಡಿ ಎಳೆಯೋಕೆ ಎಷ್ಟು ಬಲ ಬೇಕು? ಸೇನೆಯ ವಾಹನ ಎತ್ತೋರು ಬಳಸೋ ಒಂದು ಸರಳ ಅಂದಾಜಿದೆ. ಚಕ್ರದ ಹಬ್‌ವರೆಗೆ ಹೂತಿದ್ರೆ ಗಾಡಿಯ ಒಟ್ಟು ತೂಕದಷ್ಟು ಬಲ ಬೇಕು. ಹಬ್ ದಾಟಿ ಮಡ್‌ಗಾರ್ಡ್‌ ಹತ್ತಿರ ಬಂದಿದ್ರೆ ಎರಡರಷ್ಟು. ಅಂದ್ರೆ ಲೋಡ್ ಸೇರಿ 3 ಟನ್ ಇರೋ ಪಿಕಪ್ ಹಬ್ ದಾಟಿ ಹೂತ್ರೆ 6 ಟನ್ ಎಳೆತ ಬೇಕು. ಅಷ್ಟು ಬಲ ತಡೆಯೋ ಹಗ್ಗ, ಕೊಕ್ಕೆ ನಮ್ಮ ಹತ್ರ ಇರಲ್ಲ.

ಆದ್ರಿಂದ ಮೊದಲ ಕೆಲಸ ಎಳೆಯೋದಲ್ಲ. ಆಕ್ಸಿಲರೇಟರ್ ಬಿಡಿ. ಚಕ್ರ ಸುಮ್ಮನೆ ತಿರುಗಿದಷ್ಟೂ ಗುಂಡಿ ಆಳ ಆಗುತ್ತೆ. ಲೋಡ್ ಇಳಿಸಿ. ಸನಿಕೆ ತಗೊಂಡು ಚಕ್ರದ ಮುಂದಿನ ಮಣ್ಣು, ಆಕ್ಸಲ್ ಕೆಳಗಿನ ಮಣ್ಣು ತೆಗೀರಿ. ಅರ್ಧ ಗಂಟೆ ಅಗೆದ್ರೆ ಬೇಕಾದ ಬಲ ಎಷ್ಟೋ ಕಮ್ಮಿ ಆಗುತ್ತೆ. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಯೋಗದ ಸಾಮಾನು ಸನಿಕೆನೇ.

ಮಣ್ಣು ಯಾವುದು ಅನ್ನೋದೂ ಮುಖ್ಯ. ಎರೆಮಣ್ಣು ನೀರು ಕುಡಿದು ಉಬ್ಬಿ ಟೈರ್‌ಗೆ ಮೆತ್ಕೊಳ್ಳುತ್ತೆ, ಟೈರ್ ಪಟ್ಟಿಗಳೆಲ್ಲ ಮುಚ್ಚಿ ಚಕ್ರ ನುಣ್ಣಗಾಗುತ್ತೆ. ಅಲ್ಲಿ ಪಟ್ಟಿ ಮಧ್ಯದ ಮಣ್ಣು ಕೆರೆದು ತೆಗೆದು ಚಕ್ರದ ಕೆಳಗೆ ಹಲಗೆ ಕೊಡಬೇಕು. ಮಲೆನಾಡಿನ ಕೆಂಪು ಮಣ್ಣಿನ ಏರಿನಲ್ಲಿ ಹೂತುಕೊಳ್ಳೋದಕ್ಕಿಂತ ಜಾರೋದೇ ಜಾಸ್ತಿ, ಅಲ್ಲಿ ಟೈರ್ ಚೈನ್ ಕೆಲಸಕ್ಕೆ ಬರುತ್ತೆ. ಮರಳಿನಲ್ಲಿ ಟೈರ್ ಗಾಳಿ ಇಳಿಸಿದ್ರೆ ಟೈರ್ ನೆಲಕ್ಕೆ ಹರಡಿಕೊಂಡು ಹಿಡಿತ ಸಿಗುತ್ತೆ. ಖಾಲಿ ಜೀಪಿಗೆ 18ರಿಂದ 20 ಪಿಎಸ್‌ಐವರೆಗೆ ಇಳಿಸಬಹುದು. ಲೋಡ್ ಇರೋ ಪಿಕಪ್‌ಗೆ ಇದು ಬೇಡ, ಟೈರ್ ಹಾಳಾಗುತ್ತೆ. ಗಾಳಿ ಇಳಿಸೋರು 12 ವೋಲ್ಟ್ ಪಂಪ್ ಜೊತೆಗಿಟ್ಟಿರಿ, ಟಾರ್ ರಸ್ತೆಗೆ ಬಂದ ತಕ್ಷಣ ಮತ್ತೆ ತುಂಬಿಸಿ.

ಜಾಕ್ ಯಾವುದು?

*ಕತ್ತರಿ ಜಾಕ್:* ಕಾರಿನ ಜೊತೆ ಬರೋದು. ಗಟ್ಟಿ ನೆಲದಲ್ಲಿ ಸ್ಟೆಪ್ನಿ ಹಾಕೋಕೆ ಸಾಕು. ಕೆಸರಲ್ಲಿ ಗಾಡಿಗಿಂತ ಮೊದಲು ಇದೇ ಮುಳುಗುತ್ತೆ.

*ಬಾಟಲ್ ಜಾಕ್:* ರೈತರ ಪಿಕಪ್, ಜೀಪಿಗೆ ಇದೇ ಸರಿ. ಒಂದು ಮೂಲೆ ಎತ್ತೋಕೆ ಪೂರ್ತಿ ತೂಕದ ಬಲ ಬೇಕಾಗಲ್ಲ, ಆದ್ರೆ ಹಿಂದಿನ ಲೋಡ್, ಕೆಸರಿನ ಹಿಡಿತ ಸೇರಿಸ್ಕೊಂಡು 5 ಟನ್‌ನದ್ದು ತಗೊಳ್ಳಿ. ತಗೊಳ್ಳೋ ಮುಂಚೆ ನಿಮ್ಮ ಗಾಡಿ ಆಕ್ಸಲ್ ಕೆಳಗಿನ ಎತ್ತರ ಅಳತೆ ಮಾಡಿ. ಪಂಕ್ಚರ್ ಆದಾಗ ಆ ಎತ್ತರ ಇನ್ನೂ ಕಮ್ಮಿ ಆಗುತ್ತೆ, ಜಾಕ್ ಒಳಗೆ ತೂರೋದೇ ಇಲ್ಲ.

*ಹೈ-ಲಿಫ್ಟ್ ಜಾಕ್:* ಸುಮಾರು 13 ಕೆ.ಜಿ. ತೂಕ. ತುಂಬಾ ಎತ್ತರ ಎತ್ತುತ್ತೆ, ಎಳೆಯೋಕೂ ಬಳಸಬಹುದು. ಆದ್ರೆ ಇದಕ್ಕೆ ಕಬ್ಬಿಣದ ಬಂಪರ್ ಬೇಕು, ಪ್ಲಾಸ್ಟಿಕ್ ಬಂಪರ್ ಗಾಡಿಗೆ ಪ್ರಯೋಜನ ಇಲ್ಲ. ಇಳಿಸುವಾಗ ಕೈ ಜಾರಿದ್ರೆ ಹ್ಯಾಂಡಲ್ ಮೇಲೆ ಕೆಳಗೆ ಜೋರಾಗಿ ಬಡಿಯುತ್ತೆ, ದವಡೆ ಮುರಿಯೋ ಅಷ್ಟು ಬಲ ಅದಕ್ಕಿದೆ. ಮುಖ ಯಾವತ್ತೂ ಹ್ಯಾಂಡಲ್ ಮತ್ತು ಕಂಬದ ನಡುವೆ ಇರಬಾರದು.

ಯಾವ ಜಾಕ್ ಆದ್ರೂ ಕೆಳಗೆ ಒಂದಡಿ ಉದ್ದ, ಒಂದಡಿ ಅಗಲ, ಎರಡು ಇಂಚು ದಪ್ಪದ ಹಲಗೆ ಇಡಲೇಬೇಕು. ಇದಕ್ಕೆ ದುಡ್ಡು ಕೊಡೋದು ಬೇಡ, ಊರಿನ ಬಡಗಿ ಹತ್ರ ಉಳಿದ ತುಂಡು ಸಾಕು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಹಿಂದಿನ ಚಕ್ರ ಓಡಿಸೋ ಗಾಡೀಲಿ ಗೇರ್ ಹಾಕಿ ನಿಲ್ಲಿಸಿ, ಒಂದು ಹಿಂದಿನ ಚಕ್ರ ಎತ್ತಿದ್ರೆ ಗೇರ್ ಹಿಡಿತ ಹೋಗುತ್ತೆ. ಎತ್ತಿದ ಚಕ್ರ ಗಾಳಿಯಲ್ಲಿ ತಿರುಗುತ್ತೆ, ಡಿಫರೆನ್ಷಿಯಲ್ ಇರೋದ್ರಿಂದ ನೆಲದ ಮೇಲಿನ ಚಕ್ರ ಉರುಳುತ್ತೆ, ಗಾಡಿ ಜಾಕ್ ಮೇಲಿಂದ ಜಾರುತ್ತೆ. ಗೇರ್‌ನಲ್ಲಿದೆ ಅನ್ನೋ ಧೈರ್ಯ ಬೇಡ. ಹ್ಯಾಂಡ್‌ಬ್ರೇಕ್ ಹಾಕಿ, ಉಳಿದ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಜಾಕ್ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಲೇಬೇಡಿ.

ಹಗ್ಗ ಮತ್ತು ಶ್ಯಾಕಲ್

ಎಳೆಯೋಕೆ ಎರಡು ತರಹದ ಬೆಲ್ಟ್ ಸಿಗುತ್ತೆ. ಪಾಲಿಯೆಸ್ಟರ್ ಬೆಲ್ಟ್ ಅಷ್ಟಾಗಿ ಹಿಗ್ಗಲ್ಲ, ನಿಧಾನಕ್ಕೆ ಎಳ್ಕೊಂಡು ಹೋಗೋಕೆ ಸರಿ. ನೈಲಾನ್‌ನ ರಿಕವರಿ ಬೆಲ್ಟ್ ಸುಮಾರು 20 ಶೇಕಡ ಹಿಗ್ಗುತ್ತೆ, ಆ ಹಿಗ್ಗಿನ ಬಲದಲ್ಲೇ ಹೂತ ಗಾಡಿ ಹೊರಗೆ ಬರುತ್ತೆ. ಬೆಲ್ಟ್‌ನ ಹರಿಯೋ ಬಲ ಗಾಡಿ ತೂಕದ ಎರಡರಿಂದ ಮೂರು ಪಟ್ಟು ಇರಲಿ. ಗಂಟು ಹಾಕಬೇಡಿ, ಗಂಟು ಬಿದ್ದ ಕಡೆ ಹಗ್ಗದ ಶಕ್ತಿ ಹತ್ತಿರ ಹತ್ತಿರ ಅರ್ಧ ಆಗುತ್ತೆ.

ಶ್ಯಾಕಲ್ ತಗೊಳ್ಳುವಾಗ ಮೇಲೆ ತೂಕದ ಅಂಕಿ ಅಚ್ಚೊತ್ತಿದೆಯಾ ನೋಡಿ. ಮುಕ್ಕಾಲು ಇಂಚಿನ ಒಳ್ಳೇ ಬೋ ಶ್ಯಾಕಲ್ ಮೇಲೆ 4.75 ಟನ್ ಅಂತ ಇರುತ್ತೆ. ಅಂಕಿ ಇಲ್ಲದ್ದು ಅಗ್ಗಕ್ಕೆ ಸಿಕ್ಕಿದ್ರೂ ಬೇಡ. ಇಲ್ಲಿಗೆ ಬರೋರಾದ್ರೆ ವಿಲ್ಸನ್ ಗಾರ್ಡನ್‌ನಿಂದ ಲಾಲ್‌ಬಾಗ್ ದಾಟಿದ್ರೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ. ಬಿಡಿಭಾಗ, ಹಗ್ಗ, ಜಾಕ್ ಎಲ್ಲಾ ಅಲ್ಲೇ. ಕೈಯಲ್ಲಿ ಹಿಡಿದು, ಅಂಕಿ ಓದಿ ತಗೊಳ್ಳಿ.

ಟ್ರೈಲರ್ ಕಟ್ಟೋ ಟೋ ಬಾಲ್‌ಗೆ ಬೆಲ್ಟ್ ಹಾಕಿ ಯಾವತ್ತೂ ಜಗ್ಗಬೇಡಿ. ಅದು ಮುರಿದ್ರೆ ಗುಂಡಿನ ಹಾಗೆ ಹಾರುತ್ತೆ. ಬೇರೆ ದೇಶಗಳಲ್ಲಿ ಹೀಗೆ ಸತ್ತೋರಿದ್ದಾರೆ. ಚಾಸಿಸ್‌ಗೆ ಬೋಲ್ಟ್ ಮಾಡಿದ ಕೊಕ್ಕೆಗೇ ಕಟ್ಟಿ. ಬೆಲ್ಟ್ ಮಧ್ಯೆ ಒದ್ದೆ ಗೋಣಿಚೀಲ ಹೊದಿಸಿ, ಹರಿದ್ರೂ ಅದು ನೆಲಕ್ಕೆ ಬೀಳುತ್ತೆ. ನೋಡೋಕೆ ಬಂದೋರನ್ನ, ಮುಖ್ಯವಾಗಿ ಮಕ್ಕಳನ್ನ, ಬೆಲ್ಟ್ ಉದ್ದದ ಒಂದೂವರೆ ಪಟ್ಟು ದೂರ ಕಳಿಸಿ. "ಎಳಿ ಅಣ್ಣ, ಎಳಿ" ಅಂತ ಹತ್ತು ಜನ ಕೂಗೋದು ಬೇಡ, ಸನ್ನೆ ಮಾಡೋದು ಒಬ್ಬರೇ ಇರಲಿ.

ಟ್ರ್ಯಾಕ್ಟರ್ ಇರೋರು ಇದನ್ನ ಎರಡು ಸಲ ಓದಿ

ಕೆಸರಲ್ಲಿ ಹೂತ ಟ್ರ್ಯಾಕ್ಟರ್‌ನ ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಓಡಿಸೋ ಅಭ್ಯಾಸ ಇದೆ. ಇದು ಜೀವ ತೆಗೆಯೋ ಕೆಲಸ. ದಿಮ್ಮಿ ಸಿಕ್ಕಿ ಚಕ್ರ ತಿರುಗದೇ ನಿಂತ್ರೆ ಇಂಜಿನ್ ಬಲ ಎಲ್ಲಾ ಟ್ರ್ಯಾಕ್ಟರ್ ಮೂತಿಯನ್ನ ಮೇಲಕ್ಕೆತ್ತುತ್ತೆ. ಹಿಂದಕ್ಕೆ ಪೂರ್ತಿ ಮಗುಚೋಕೆ ಸುಮಾರು ಒಂದೂವರೆ ಸೆಕೆಂಡ್ ಸಾಕು. ಕ್ಲಚ್ ಒತ್ತೋಕೆ ಪುರುಸೊತ್ತು ಸಿಗಲ್ಲ. ಬೇರೆ ಗಾಡಿ ಎಳೆಯುವಾಗಲೂ ಕೆಳಗಿನ ಡ್ರಾಬಾರ್‌ಗೇ ಕಟ್ಟಿ, ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿದ್ರೆ ಹೀಗೇ ಮಗುಚುತ್ತೆ. ಸಿಕ್ಕಿಕೊಂಡ ಟ್ರ್ಯಾಕ್ಟರ್‌ಗೆ ಅಗೆದು ದಾರಿ ಮಾಡಿ, ಇನ್ನೊಂದು ಟ್ರ್ಯಾಕ್ಟರ್‌ನಿಂದ ನಿಧಾನಕ್ಕೆ ಎಳೆಸಿ.

ಗಾಡೀಲಿ ಎಲ್ಲಿಡಬೇಕು?

50 ಕಿ.ಮೀ. ವೇಗದಲ್ಲಿ ಗಾಡಿ ಡಿಕ್ಕಿ ಹೊಡೆದು ಅರ್ಧ ಮೀಟರ್‌ನಲ್ಲಿ ನಿಂತ್ರೆ, ಸೀಟ್ ಹಿಂದೆ ಬಿಟ್ಟಿರೋ 10 ಕೆ.ಜಿ. ಜಾಕ್ ಸುಮಾರು 200 ಕೆ.ಜಿ. ಬಲದಲ್ಲಿ ಮುಂದಕ್ಕೆ ನುಗ್ಗುತ್ತೆ. ಮೂರನೇ ಮಹಡಿಯಿಂದ ಬೆನ್ನ ಮೇಲೆ ಬಿದ್ದ ಹಾಗೆ. ಅದಕ್ಕೆ ಈ ನಿಯಮ ಇಟ್ಕೊಳ್ಳಿ:

- ಭಾರದ ಸಾಮಾನು ಕೆಳಗೆ, ನೆಲಕ್ಕೆ ಬೋಲ್ಟ್ ಮಾಡಿದ ಕಬ್ಬಿಣದ ಪೆಟ್ಟಿಗೆಯಲ್ಲಿ. ಕ್ಯಾರಿಯರ್ ಮೇಲೆ ಬೇಡ, ಏರಿನಲ್ಲಿ ಗಾಡಿ ವಾಲುತ್ತೆ.
- ಜಾಕ್, ಸನಿಕೆ ಲೋಡ್ ಕೆಳಗೆ ಹೂತುಹೋಗಬಾರದು. ಮೂಟೆ ಇಳಿಸದೆ ಕೈಗೆ ಸಿಗಬೇಕು.
- ಬಾಟಲ್ ಜಾಕ್ ನೆಟ್ಟಗೆ ನಿಲ್ಲಿಸಿ, ಪೂರ್ತಿ ಇಳಿಸಿ, ವಾಲ್ವ್ ಮುಚ್ಚಿ ಇಡಿ. ಅಡ್ಡ ಮಲಗಿಸಿದ್ರೆ ಎಣ್ಣೆ ಸೋರುತ್ತೆ.
- ಹೈ-ಲಿಫ್ಟ್ ಹೊರಗಿಟ್ಟಿದ್ರೆ ದಪ್ಪ ಕ್ಯಾನ್ವಾಸ್ ಚೀಲ ಹಾಕಿ. ಧೂಳು, ಕೆಸರು ಕೂತ್ರೆ ಪಿನ್ ಸಿಕ್ಕಿಕೊಂಡು ಏರಲ್ಲ. ತಿಂಗಳಿಗೊಮ್ಮೆ ತೊಳೆದು, ಒಣಗಿಸಿ, ತೆಳು ಎಣ್ಣೆ ಬಿಡಿ.
- ಬೆಲ್ಟ್ ತೊಳೆದು ನೆರಳಲ್ಲಿ ಒಣಗಿಸಿ ಚೀಲದಲ್ಲಿಡಿ. ಬಿಸಿಲು, ಡೀಸೆಲ್ ಎರಡೂ ಅದಕ್ಕೆ ಶತ್ರು. ಅಂಚು ಹರಿದಿದ್ರೆ ಎಸೆಯಿರಿ.

ಸ್ಕ್ರೀನ್‌ಶಾಟ್ ತೆಗೆದಿಡಿ

ತೋಟದಲ್ಲಿ ನೆಟ್‌ವರ್ಕ್ ಸಿಗದೇ ಇರಬಹುದು. ಗಾಡೀಲಿ ಇರಬೇಕಾದ್ದು ಇಷ್ಟು:

1. ಗಾಳಿ ತುಂಬಿದ ಸ್ಟೆಪ್ನಿ, ವೀಲ್ ಸ್ಪ್ಯಾನರ್
2. 5 ಟನ್ ಬಾಟಲ್ ಜಾಕ್, ಅದರ ಹ್ಯಾಂಡಲ್
3. ಜಾಕ್ ಹಲಗೆ, ಚಕ್ರಕ್ಕೆ ಕೊಡೋ ಎರಡು ಉದ್ದ ಹಲಗೆ
4. ಸನಿಕೆ, ಕುಡುಗೋಲು
5. ಬೆಲ್ಟ್ ಒಂದು, ಅಂಕಿ ಇರೋ ಶ್ಯಾಕಲ್ ಎರಡು
6. ಗೋಣಿಚೀಲ ನಾಲ್ಕು, ದಪ್ಪ ಗ್ಲೌಸ್
7. ಹೆಡ್‌ಲೈಟ್ ಬ್ಯಾಟರಿ, ಕುಡಿಯೋ ನೀರು

ಹೈ-ಲಿಫ್ಟ್, ವಿಂಚ್ ಎಲ್ಲಾ ಆಮೇಲಿನ ಮಾತು. ಮೊದಲು ಇವಿಷ್ಟು ಹೊಂದಿಸ್ಕೊಳ್ಳಿ. ಬಿಸಿಲಿರೋ ದಿನ ಮನೆ ಮುಂದೆನೇ ಒಂದು ಸಲ ಜಾಕ್ ಹಾಕಿ, ಚಕ್ರ ಬಿಚ್ಚಿ, ಮತ್ತೆ ಹಾಕಿ ನೋಡಿ. ಮನೆಯಲ್ಲಿ ಗಾಡಿ ಓಡಿಸೋ ಎಲ್ಲರಿಗೂ, ತಂಗಿ ಓಡಿಸಿದ್ರೆ ತಂಗಿಗೂ, ಕಲಿಸಿ. ಯಾರಿಗಾದ್ರೂ ಪೆಟ್ಟಾದ್ರೆ ಗಾಡಿ ಅಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡಿ. ಗಾಡಿ ನಾಳೆ ತೆಗೀಬಹುದು.