ಉಸಿರಿಗೆ ಎಡೆ

ನಲವತ್ತಾರು ವರ್ಷ ತುಂಬಿದ ಕನ್ನಡದ ಅಧ್ಯಾಪಕನೊಬ್ಬನು ಜಾಜ್ ಸಂಗೀತದ ಧಾಟಿಯಲ್ಲಿ ಒಂದು ಕೃತಿಯನ್ನು ರಚಿಸಲು ಹೊರಟನೆಂದರೆ ವಾಚಕರಿಗೆ ನಗು ಬಂದೀತು. ನಮ್ಮ ಮನೆಯಲ್ಲಿಯೂ ಬಂದಿತು. "ಪಂಪ ರನ್ನರು ಬೇಸರವಾದರೇನು?" ಎಂದು ನನ್ನ ಪತ್ನಿ ಕೇಳಿದಳು. ಕೃತಿಯೆಂದರೆ ದೊಡ್ಡ ಮಾತಾಯಿತು. ಮೂರು ನಿಮಿಷದ ನಾದ ಅದು. ಯಾವ ಸಭೆಯಲ್ಲಿಯೂ ಅದನ್ನು ನುಡಿಸಿಲ್ಲ, ನುಡಿಸುವ ಸಂಭವವೂ ಇಲ್ಲ. ಆದರೂ ಅದರ ಕಥೆಯನ್ನು ಹೇಳಬೇಕೆನಿಸಿದೆ. ಇಪ್ಪತ್ತು ವರ್ಷಗಳ ಕಾಲ ಇತರರು ಬರೆದುದನ್ನು ತಿದ್ದಿಯೂ ಕಲಿಯದೆ ಉಳಿದ ಪಾಠವೊಂದನ್ನು, ನನ್ನದೊಂದನ್ನು ಇತರರ ತಿದ್ದುಪಡಿಗೆ ಒಪ್ಪಿಸಿದಾಗ ಕಲಿತೆ.

ನಮ್ಮ ತಂದೆಯವರು ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಸುಗ್ಗಿ ಮುಗಿದೊಡನೆ ಒಂದು ಊರಿನ ಭೀಮನಿಗೂ ಇನ್ನೊಂದು ಊರಿನ ದುರ್ಯೋಧನನಿಗೂ ಕಂದ ಹೇಳಿಕೊಡಲು ಪೆಟ್ಟಿಗೆಯನ್ನು ಹೊತ್ತು ಹೊರಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪೆಟ್ಟಿಗೆ ರಾಮನಗರದ ನಮ್ಮ ಮನೆಯ ಅಟ್ಟ ಸೇರಿತು. ಕಳೆದ ಬೇಸಗೆಯ ರಜೆಯಲ್ಲಿ ಧೂಳು ಕೊಡವಿ ತಿದಿಯೊತ್ತಿದಾಗ, ಎರಡು ಮನೆ ಮಾತ್ರ ಗೊರಗೊರ ಎಂದಿತು. ಉಳಿದವೆಲ್ಲ ತಂದೆಯವರ ಕಾಲದ ಹಾಗೆಯೇ ನುಡಿದುವು.

ಜಾಜ್ ನನ್ನ ಕಿವಿಗೆ ಬಿದ್ದದ್ದು ಅಮೆರಿಕದ ದಾರಿಯಿಂದಲ್ಲ, ಬೆಂಗಳೂರಿನ ದಾರಿಯಿಂದ. ಅಲ್ಲಿ 1964ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯ ಟಿ.ಎ.ಎಸ್. ಮಣಿಯವರ ಬಳಗ, ಗಾಯಕಿ ಆರ್.ಎ. ರಮಾಮಣಿಯವರು ಮತ್ತು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಕೂಡಿ ನುಡಿಸಿದ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯು 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆಯಿಂದ ಹೊರಬಂದಿತು. ಮರಿಯಾನೊ ಸಾಮಾನ್ಯನಲ್ಲ, ಚಾರ್ಲ್ಸ್ ಮಿಂಗಸ್‌ನಂತಹ ಮಹಾ ವಾದಕನ ಮೇಳದಲ್ಲಿ 1963ರಲ್ಲಿಯೇ ನುಡಿಸಿದವನು. ಅಷ್ಟು ಹೆಸರಾದ ಬಳಿಕವೂ ನಮ್ಮ ನಾಗಸ್ವರವನ್ನು ಕಲಿಯಲು ಶಿಷ್ಯನಾಗಿ ಕುಳಿತನು. ಇತ್ತ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮನಸೋತ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಕನ್ನಡ ಮೂಲದ ಮನೆತನದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪನವರಿಗೆ, ಅವರ ಅಣ್ಣ ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ತಮಾಷೆಗೆಂದು ತಂದುಕೊಟ್ಟರಂತೆ. ತಮಾಷೆ ಅಲ್ಲಿಗೆ ನಿಲ್ಲಲಿಲ್ಲ. 2008ರಲ್ಲಿ ಆ ಇಬ್ಬರೂ ಕೂಡಿ ನುಡಿಸಿದ 'ಕಿನ್ಸ್‌ಮೆನ್' ಹೊರಬಂದಿತು. ಇವನ್ನೆಲ್ಲ ಕೇಳಿ ಕೇಳಿ ನನಗೂ ಕೈ ತುರಿಸತೊಡಗಿತು.

ಹೊಸಬನಿಗೆ ಬ್ಲೂಸ್ ತಕ್ಕ ಚೌಕಟ್ಟು ಎಂದು ಓದಿದ್ದೆ. ಅಮೆರಿಕದ ಕರಿಯ ಜನರ ಹಾಡಿನಿಂದ ಹುಟ್ಟಿ ಜಾಜ್‌ಗೆ ತಳಹದಿಯಾದ ಬಂಧ ಅದು. ಅದರಲ್ಲಿ 12 ಮನೆಗಳು. ಮನೆಯೊಂದಕ್ಕೆ 4 ಎಣಿಕೆ. ಒಟ್ಟು 48, ನಮ್ಮ ಆದಿತಾಳದ 6 ಆವರ್ತಗಳಿಗೆ ಸರಿಯಾದ ಲೆಕ್ಕ. ಮೊದಲ ನಾಲ್ಕು ಮನೆ ಷಡ್ಜದ ನೆಲೆಯಲ್ಲಿ. ಐದು ಆರರಲ್ಲಿ ಮಧ್ಯಮಕ್ಕೆ ಹೋಗಿ ಏಳು ಎಂಟರಲ್ಲಿ ಷಡ್ಜಕ್ಕೆ ಹಿಂದಿರುಗುವುದು. ಒಂಬತ್ತನೆಯದರಲ್ಲಿ ಪಂಚಮ, ಹತ್ತರಲ್ಲಿ ಮಧ್ಯಮ. ಕೊನೆಯ ಎರಡರಲ್ಲಿ ಮತ್ತೆ ತವರು. ಹಾಡುವಾಗ ಒಂದು ಸಾಲನ್ನು ಎರಡು ಸಲ ಹೇಳಿ ಮೂರನೆಯ ಸಾಲಿನಲ್ಲಿ ಮುಗಿಸುವುದು ವಾಡಿಕೆ. ಪ್ರತಿಯೊಂದು ಸಾಲೂ ತನಗೆ ಸಲ್ಲುವ ನಾಲ್ಕು ಮನೆಗಳಲ್ಲಿ ಅರ್ಧದಷ್ಟನ್ನೇ ಬಳಸಿ, ಉಳಿದುದನ್ನು ವಾದ್ಯದ ಉತ್ತರಕ್ಕೆ ಬಿಟ್ಟುಕೊಡುತ್ತದೆ. ಇದಿಷ್ಟನ್ನೂ ನಾನು ಓದಿದ್ದೆನೆಂಬುದನ್ನು ವಾಚಕರು ಗಮನದಲ್ಲಿಡಬೇಕು. ಓದಿಯೂ ನಾನು ಮಾಡಿದ್ದೇನೆಂದರೆ 48 ಎಣಿಕೆಗಳಲ್ಲಿ ಒಂದನ್ನೂ ಬರಿದು ಬಿಡದೆ ಸ್ವರಗಳನ್ನು ತುಂಬಿದ್ದು. ತುಂಬಿದಷ್ಟೂ ಪಾಂಡಿತ್ಯವೆಂಬುದು ನಮ್ಮ ವೃತ್ತಿಯ ರೋಗ.

ಕೃತಿ ಸಿದ್ಧವಾದ ಮೇಲೆ ಚನ್ನಪಟ್ಟಣಕ್ಕೆ ಹೋದೆ. ಇಂದು ಬೊಂಬೆಗಳಿಗೆ ಹೆಸರಾದ ಈ ಊರು ಒಂದು ಕಾಲಕ್ಕೆ ವಾದ್ಯದ ತಂತಿಗಳಿಗೂ ಹೆಸರಾಗಿದ್ದಿತು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್, ಇಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಬೊಂಬೆಯವರ ಕೇರಿಯಲ್ಲಿ, ಮದುವೆಯ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿಯೊನೆಟ್ ನುಡಿಸಿದ ಹಿರಿಯರೊಬ್ಬರಿದ್ದಾರೆ. ನಮ್ಮ ತಂದೆಯವರ ಪರಿಚಿತರು. ಪಕ್ಕದ ಮನೆಯಲ್ಲಿ ಚರಕಿಗೆ ಏರಿಸಿದ ಮರಕ್ಕೆ ಅರಗಿನ ಬಣ್ಣ ಹಿಡಿಯುತ್ತಿದ್ದ ಸದ್ದಿನ ನಡುವೆ ನನ್ನ ಸ್ವರಗಳನ್ನು ಅವರು ನುಡಿಸತೊಡಗಿದರು. ಐದನೆಯ ಮನೆಗೆ ಬರುವಷ್ಟರಲ್ಲಿ ಮುಖ ಕೆಂಪಾಗಿ, ವಾದ್ಯವನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು:

"ಮೇಷ್ಟ್ರೇ, ಎಲ್ಲಾ ಸರಿ. ನಾನು ಉಸಿರು ಎಲ್ಲಿ ತಗೊಳ್ಳಲಿ?"

ನನಗೆ ಉತ್ತರ ತೋಚಲಿಲ್ಲ. ಹಾರ್ಮೋನಿಯಂಗೆ ತಿದಿಯುಂಟು, ಅದು ಉಸಿರಿಗಾಗಿ ನಿಲ್ಲಬೇಕಾಗಿಲ್ಲ. ನಾನು ಮನುಷ್ಯರಿಗಾಗಿ ಬರೆದಿರಲಿಲ್ಲ, ಪೆಟ್ಟಿಗೆಗಾಗಿ ಬರೆದಿದ್ದೆ.

ಮನೆಗೆ ಬಂದು ಅದನ್ನೇ ಮತ್ತೆ ಬಾರಿಸುತ್ತಿದ್ದಾಗ ನಮ್ಮ ತಾಯಿಯವರು ಒಳಗಿನಿಂದ ಬಂದು ಹೊಸಲಿನ ಮೇಲೆ ಕುಳಿತರು. ಅವರ ತವರು ಕನಕಪುರದ ಕಡೆಯ ಹಳ್ಳಿ. ಸೋಬಾನೆಗೆ ಅವರಿಲ್ಲದೆ ಆ ಸುತ್ತಿನಲ್ಲಿ ಮದುವೆಯಿಲ್ಲ ಎನ್ನುವ ಕಾಲವೊಂದಿತ್ತು. ಸ್ವಲ್ಪ ಹೊತ್ತು ಕೇಳಿ, "ಅದೇನಪ್ಪಾ, ನೀನೇ ಏಳ್ತೀಯ, ನೀನೇ ಸೊಲ್ಲೆತ್ಕೊತೀಯ. ಇಂದೆ ನಿಂತೋರು ಬಾಯ್ ಮುಚ್ಕೊಂಡಿರ್ಬೇಕಾ?" ಎಂದರು. ಜಾಜ್ ಎಂಬ ಹೆಸರನ್ನೇ ಕೇಳದ ಅವರು, ಕರೆ ಮತ್ತು ಓಗೊಡುವಿಕೆ ಎಂಬ ಅದರ ಮೂಲಧರ್ಮಕ್ಕೆ ನೇರವಾಗಿ ಕೈಯಿಟ್ಟಿದ್ದರು. ಶಾಸ್ತ್ರವನ್ನು ಓದದ ನಾಡವರಿಗೂ ಕಾವ್ಯದ ಮರ್ಮ ತಿಳಿದಿರುತ್ತದೆ ಎಂದು 9ನೆಯ ಶತಮಾನದ ಕವಿರಾಜಮಾರ್ಗ ಹೇಳುವುದನ್ನು ನಾನು ವರ್ಷಕ್ಕೊಮ್ಮೆ ತರಗತಿಯಲ್ಲಿ ವಿವರಿಸುತ್ತೇನೆ. ಅದು ನಮ್ಮ ಮನೆಯ ಹೊಸಲಿಗೂ ಅನ್ವಯಿಸೀತೆಂದು ಎಣಿಸಿರಲಿಲ್ಲ.

ಇನ್ನು ಜಾಜ್ ಬಲ್ಲವರ ಅಭಿಪ್ರಾಯವನ್ನು ಕೇಳಬೇಕಾಗಿತ್ತು. ನನಗೆ ಗೊತ್ತಿದ್ದ ಅಂಥವನು ಒಬ್ಬನೇ, ಬೆಂಗಳೂರಿನಲ್ಲಿ ಗಿಟಾರ್ ನುಡಿಸಿ ಜೀವನ ಸಾಗಿಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಕಳುಹಿಸಲು ಎರಡು ವಾರ ಹಿಂಜರಿದೆ. ಕಾರಣವಿತ್ತು. ಹನ್ನೆರಡು ವರ್ಷಗಳ ಹಿಂದೆ ಅವನು ಒಂದು ಪದ್ಯವನ್ನು ಬರೆದು ತಂದಿದ್ದನು. ನಾನು ಸಾಲುಸಾಲಿಗೂ ಮಾತ್ರೆ ಎಣಿಸಿ, ತಪ್ಪಿದಲ್ಲೆಲ್ಲ ಕೆಂಪು ಶಾಯಿಯ ಗೆರೆಯೆಳೆದು, ಛಂದಸ್ಸನ್ನು ಕಲಿತ ಮೇಲೆ ಬರೆಯುವುದು ಲೇಸೆಂದು ಕೆಳಗೆ ಷರಾ ಬರೆದು ಹಿಂದಿರುಗಿಸಿದ್ದೆ. ಅವನು ಮತ್ತೊಂದು ಪದ್ಯವನ್ನು ತರಲಿಲ್ಲ. ಆಗ ನನಗೆ ಅದು ಗಮನಕ್ಕೂ ಬಂದಿರಲಿಲ್ಲ.

ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸಿದೆ. ಮುಂದಿನ ಭಾನುವಾರ ಅವನೇ ಬಂದನು. ಮೊದಲು ಕೇಳಿದ ಪ್ರಶ್ನೆ ವಿಚಿತ್ರವಾಗಿತ್ತು: "ಸಾರ್, ಏಳನೆಯ ಮನೆಯಲ್ಲಿ ಎರಡು ಗಾಂಧಾರವನ್ನೂ ಒಟ್ಟಿಗೆ ಒತ್ತಿದ್ದೀರಿ. ಬೇಕೆಂದೇ ಒತ್ತಿದ್ದೋ?"

ಬೆರಳು ಜಾರಿ ಸಾಧಾರಣ ಗಾಂಧಾರವೂ ಅಂತರ ಗಾಂಧಾರವೂ ಒಂದಾಗಿ ಬಿದ್ದ ತಪ್ಪು ಅದು, ನಾಚಿಕೆಯಿಂದ ಒಪ್ಪಿಕೊಂಡೆ.

"ಅದನ್ನು ಮಾತ್ರ ಕಳೆಯಬೇಡಿ, ಸಾರ್. ಇಡೀ ರಚನೆಯಲ್ಲಿ ಬ್ಲೂಸ್ ಇರುವುದು ಅಲ್ಲೇ."

ಆಮೇಲೆ ವಿವರಿಸಿದನು. ಬ್ಲೂಸ್ ಹಾಡುವವರ ಗಾಂಧಾರ ಆ ಎರಡರ ನಡುವೆ ಎಲ್ಲಿಯೋ ತೂಗುತ್ತದೆ. ಪಿಯಾನೊದಂತೆ ಹಾರ್ಮೋನಿಯಂನಲ್ಲಿಯೂ ಸ್ವರವನ್ನು ಎಳೆದು ಬಾಗಿಸಲಾಗದು. ಗಮಕ ಬಾರದೆಂಬ ಈ ದೂರಿನಿಂದಲೇ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರವಿತ್ತು. ಪಿಯಾನೊ ನುಡಿಸುವವರು ಎರಡೂ ಮನೆಗಳನ್ನು ಒತ್ತಿ ಆ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಬಳಿಕ ಅವನು ಮೇಜಿನ ಮೇಲೆ ತಾಳ ಹಾಕಿದನು. ಪೆಟ್ಟು ಬಿದ್ದದ್ದು ಒಂದು ಮೂರರ ಮೇಲಲ್ಲ, ಎರಡು ನಾಲ್ಕರ ಮೇಲೆ. ನಾನು ಸಮವಾಗಿ ಹಂಚಿದ್ದ ಜೋಡಿಸ್ವರಗಳಲ್ಲಿ ಮೊದಲನೆಯದನ್ನು ಕೊಂಚ ಹಿಗ್ಗಿಸಿ ಎರಡನೆಯದನ್ನು ಕುಗ್ಗಿಸಿ ತೋರಿಸಿದನು. ಸತ್ತಂತಿದ್ದ ಸಾಲು ಎದ್ದು ನಡೆಯಿತು.

"ಲೆಕ್ಕ ಎಲ್ಲಿಯೂ ತಪ್ಪಿಲ್ಲ, ಸಾರ್," ಎಂದನು. "ಲೆಕ್ಕವೇ ಕೇಳಿಸುತ್ತಿದೆ."

ಅವನ ದನಿಯಲ್ಲಿ ಹಗೆಯಿರಲಿಲ್ಲ. ಆದರೂ ಆ ಮಾತು ಹನ್ನೆರಡು ವರ್ಷಗಳ ಹಿಂದಿನ ನೋಟುಪುಸ್ತಕದಿಂದ ಎದ್ದು ಬಂದಂತಾಯಿತು. ನಮ್ಮ ತ್ರಿಪದಿ ಅಂಶಗಣದ್ದು. ಕಾಗದದ ಮೇಲೆ ಮಾತ್ರೆ ಎಣಿಸಿದರೆ ಸಾಲು ಸಾಲಿಗೂ ಲೆಕ್ಕ ಬೇರೆ, ಬೀಸುವ ಕಲ್ಲಿನ ಮುಂದೆ ಹಾಡಿದರೆ ಎಲ್ಲವೂ ತಕ್ಕ ಅಳತೆಗೆ ಹಿಗ್ಗಿ ಕುಗ್ಗಿ ಕೂಡುತ್ತದೆ. ಇದನ್ನು ಪಾಠ ಹೇಳುವ ನಾನೇ ಅಂದು ಮಾತ್ರೆಯ ಕೋಲನ್ನು ಹಿಡಿದಿದ್ದೆ. ಧೈರ್ಯ ತಂದುಕೊಂಡು ಕೇಳಿದೆ:

"ಆ ಪದ್ಯ... ಅದನ್ನು ಹಾಡಲೆಂದು ಬರೆದಿದ್ದೆಯೇನಪ್ಪಾ?"

"ಹೌದು ಸಾರ್."

"ಒಮ್ಮೆ ಹಾಡು."

"ಈಗ ನೆನಪಿಲ್ಲ ಸಾರ್," ಎಂದು ಅವನು ಗಿಟಾರಿನ ತಂತಿಯನ್ನು ಬಿಗಿಮಾಡತೊಡಗಿದನು. ನಿಜವಾಗಿಯೂ ಮರೆತಿದ್ದನೋ ಇಲ್ಲವೋ, ಕೇಳುವ ಅಧಿಕಾರ ನನಗಿರಲಿಲ್ಲ. ಅವನು ಮೊದಲು ಬದುಕಿದ್ದ ಸ್ವರವನ್ನು ತೋರಿಸಿ ಆಮೇಲೆ ಸತ್ತವನ್ನು ತೋರಿಸಿದ್ದನು. ನಾನು ಅವನಿಗೆ ಸತ್ತವನ್ನು ಮಾತ್ರ ತೋರಿಸಿದ್ದೆ.

ಅಂದು ಸಂಜೆ ಪ್ರತಿ ಸಾಲಿನ ಉತ್ತರಾರ್ಧವನ್ನು ಹೊಡೆದುಹಾಕಿದೆ. ಸ್ವರಗಳು ಅರ್ಧಕ್ಕೆ ಇಳಿದುವು. ಜಾರಿದ ಗಾಂಧಾರ ಉಳಿಯಿತು. ಮುಂದಿನ ವಾರ ಚನ್ನಪಟ್ಟಣದಲ್ಲಿ ಮೂವರೂ ಕೂಡಿದೆವು. ನಾನು ಒಂದು ಸಾಲನ್ನು ನುಡಿಸಿ ನಿಲ್ಲಿಸಿದೆ. ಆ ಬಿಡುವಿನಲ್ಲಿ ಹಿರಿಯರ ಕ್ಲಾರಿಯೊನೆಟ್ ನಾನು ಬರೆಯದ ಉತ್ತರವೊಂದನ್ನು ಕೊಟ್ಟಿತು, ಗಿಟಾರ್ ಅದಕ್ಕೆ ತಲೆದೂಗಿತು. ಅದು ಒಳ್ಳೆಯ ಜಾಜ್ ಎನ್ನಲಾರೆ. ಹಿರಿಯರಿಗೆ ಮುಖ ಕೆಂಪಾಗಲಿಲ್ಲ, ಅಷ್ಟನ್ನು ಹೇಳಬಲ್ಲೆ.

ಕಾಲೇಜಿನಲ್ಲಿ ಈಗಲೂ ಹುಡುಗ ಹುಡುಗಿಯರು ಪದ್ಯಗಳನ್ನು ಬರೆದು ತರುತ್ತಾರೆ. ಕೆಂಪು ಶಾಯಿಯ ಪೆನ್ನು ಜೇಬಿನಲ್ಲಿಯೇ ಇದೆ. ಅದನ್ನು ತೆಗೆಯುವ ಮುನ್ನ, "ನೀನೇ ಒಮ್ಮೆ ಓದಮ್ಮಾ, ಕೇಳೋಣ" ಎನ್ನುತ್ತೇನೆ. ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆಂದು ಗಮನಿಸುತ್ತ ಕುಳಿತಿರುತ್ತೇನೆ.