93 ವರ್ಷ ದುಡಿದ ಕ್ರೇನ್ ಎಂಜಿನ್

1948ರ ಜನವರಿ 1ರಂದು ಬ್ರಿಟನ್ನಿನ ದೊಡ್ಡ ರೈಲು ಕಂಪನಿಗಳು ಸರ್ಕಾರದ ವಶಕ್ಕೆ ಬಂದವು. ಜೊತೆಗೆ ಬಂದ ಉಗಿ ಎಂಜಿನ್‌ಗಳು 20,000ಕ್ಕೂ ಹೆಚ್ಚು. ಅವುಗಳಲ್ಲಿ ಎಲ್ಲಕ್ಕಿಂತ ಹಿರಿಯದು ಯಾವುದು ಗೊತ್ತೆ? ಹೆಸರಾಂತ ಎಕ್ಸ್‌ಪ್ರೆಸ್ ಎಂಜಿನ್ ಅಲ್ಲ. ಲಂಡನ್ನಿನ ಬೋ ವರ್ಕ್‌ಶಾಪಿನಲ್ಲಿ ಭಾರದ ಸಾಮಾನು ಎತ್ತಿಡುತ್ತಿದ್ದ, 58865 ಎಂಬ ನಂಬರಿನ ಒಂದು ಪುಟ್ಟ ಕ್ರೇನ್ ಎಂಜಿನ್. ಅದು ತಯಾರಾದದ್ದು 1858ರಲ್ಲಿ!

ಶಾರ್ಪ್ ಸ್ಟೂವರ್ಟ್ ಕಂಪನಿ ಕಟ್ಟಿದಾಗ ಅದಕ್ಕೆ ಇದ್ದದ್ದು ನಾಲ್ಕೇ ಗಾಲಿ, ಕ್ರೇನ್ ಇರಲಿಲ್ಲ. 1872ರಲ್ಲಿ ನಾರ್ತ್ ಲಂಡನ್ ರೈಲ್ವೆಯವರು ಬೆನ್ನಿಗೊಂದು ಕ್ರೇನ್ ಕೂಡಿಸಿದರು. ಆ ಭಾರ ಹೊರಲು ಹಿಂದೆ ಇನ್ನೆರಡು ಗಾಲಿ ಹಾಕಿದರು. ಅಲ್ಲಿಂದ ಒಂದೇ ಬಾಯ್ಲರಿನ ಉಗಿ ಗಾಲಿಯನ್ನೂ ಉರುಳಿಸಿತು, ಕೊಕ್ಕೆಯನ್ನೂ ಎತ್ತಿತು. ಕಂಪನಿಗಳು ಒಂದರಲ್ಲೊಂದು ಕರಗಿದವು, ಮಾಲೀಕರು ಬದಲಾದರು, ಎಂಜಿನ್ ಮಾತ್ರ ಬೋ ಬಿಟ್ಟು ಕದಲಲಿಲ್ಲ.

1951ರಲ್ಲಿ ಅದನ್ನು ಕೆಲಸದಿಂದ ತೆಗೆದರು. ಒಟ್ಟು 93 ವರ್ಷ. ಅದು ಹಳಿಗಿಳಿದಾಗ ಲಂಡನ್ನಿಗೆ ಸುರಂಗ ರೈಲು ಬರಲು ಇನ್ನೂ ಐದು ವರ್ಷ ಬಾಕಿ ಇತ್ತು. ಅದು ನಿಲ್ಲುವ ಹೊತ್ತಿಗೆ ಕಾಮೆಟ್ ಜೆಟ್ ವಿಮಾನ ಹಾರಿ ಎರಡು ವರ್ಷವಾಗುತ್ತ ಬಂದಿತ್ತು! ವೇಗವಾಗಿ ಓಡಬೇಕಾದ ಎಂಜಿನ್‌ಗೆ ಹೊಸದೊಂದು ಬಂದ ಕೂಡಲೇ ಮುಪ್ಪು. ವರ್ಕ್‌ಶಾಪಿನ ಒಳಗೇ ನಿಧಾನವಾಗಿ ಸರಿದಾಡುವುದಕ್ಕೆ ಅಂಥ ಪೈಪೋಟಿ ಎಲ್ಲಿಯದು? ಅದು ಬಾಳಿದ ಗುಟ್ಟು ಇದೇ ಎಂದು ನನಗನಿಸುತ್ತದೆ.

ಆದರೆ ಎಲ್ಲ ಕ್ರೇನ್ ಎಂಜಿನ್‌ಗಳಿಗೂ ಈ ಆಯಸ್ಸು ದಕ್ಕಲಿಲ್ಲ. ಗ್ರೇಟ್ ವೆಸ್ಟರ್ನ್ ರೈಲ್ವೆ 1901ರಲ್ಲಿ ಕಟ್ಟಿ 'ಸೈಕ್ಲಾಪ್ಸ್' ಎಂದು ಹೆಸರಿಟ್ಟ ಕ್ರೇನ್ ಎಂಜಿನ್ 1936ಕ್ಕೆ ಗುಜರಿ ಸೇರಿತು.

ಸಂಡರ್‌ಲ್ಯಾಂಡಿನ ಡಾಕ್ಸ್‌ಫರ್ಡ್ ಹಡಗುಕಟ್ಟೆಯ ಕ್ರೇನ್ ಎಂಜಿನ್‌ಗಳದು ಇನ್ನೊಂದು ಬಗೆಯ ಸಾಹಸ. ಒಂದೊಂದೂ ಎತ್ತುತ್ತಿದ್ದದ್ದು 4 ಟನ್, ಬೆಳೆದ ಗಂಡಾನೆಯೊಂದರಷ್ಟು ಭಾರ. ಸಾವಿರಾರು ಟನ್ನಿನ ಹಡಗುಗಳಿಗೆ ಬೇಕಾದ ಉಕ್ಕನ್ನು ಅವು ಹೀಗೆ ತುಂಡುತುಂಡಾಗಿ ಹೊತ್ತು ತರುತ್ತಿದ್ದವು! 1968ರ ಆಗಸ್ಟಿನಲ್ಲಿ ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿಯ ಕಾಲವೇ ಮುಗಿಯಿತು. ಇವು 1971ರವರೆಗೂ ಹೊಗೆಯುಗುಳುತ್ತ ದುಡಿದವು.

ಡಾಕ್ಸ್‌ಫರ್ಡ್‌ನ ಕೆಲವು ಎಂಜಿನ್‌ಗಳು ಉಳಿದಿವೆ. 1901ರಲ್ಲಿ ಡಬ್ಸ್ ಕಂಪನಿ ಕಟ್ಟಿದ ಇನ್ನೊಂದು ಕ್ರೇನ್ ಎಂಜಿನ್ ಕೂಡ ಉಳಿದಿದೆ. 20,000ದಲ್ಲಿ ಹಿರಿಯದಾಗಿದ್ದ 58865 ಮಾತ್ರ ಉಳಿಯಲಿಲ್ಲ. ಅದನ್ನು ಗುಜರಿಗೆ ಹಾಕಿದ್ದು ದೊಡ್ಡ ತಪ್ಪು.