ಬೂದಿಕೋಟೆಯಿಂದ ಇಸ್ತಾಂಬುಲ್‌ವರೆಗೆ: ಖಿಲಾಫತ್ತಿನ ಇತಿಹಾಸವನ್ನು ಆಧಾರಗಳಿಂದ ಅರಿಯುವ ಬಗೆ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರ್ ಅಲಿ ಹುಟ್ಟಿದ ಊರೆಂದು ಪ್ರಸಿದ್ಧವಾಗಿದೆ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿದೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ತೀರಿಕೊಂಡಾಗ ಅವನ ದೇಹವನ್ನು ಮೊದಲು ಕೋಲಾರಕ್ಕೆ ತಂದು, ಅನಂತರ ಶ್ರೀರಂಗಪಟ್ಟಣದ ಗುಂಬಜಿಗೆ ಸಾಗಿಸಲಾಯಿತು. ಅವನ ಮಗ ಟಿಪ್ಪು ಸುಲ್ತಾನ್ 1786ರಲ್ಲಿ ಇಸ್ತಾಂಬುಲ್‌ನ ಆಟೋಮನ್ ದೊರೆಗೆ, ಎಂದರೆ ಖಲೀಫನೆಂದು ಅನೇಕ ಸುನ್ನಿ ಮುಸ್ಲಿಮರು ಮನ್ನಿಸುತ್ತಿದ್ದ ದೊರೆಗೆ, ದೊಡ್ಡ ರಾಯಭಾರವೊಂದನ್ನು ಕಳುಹಿಸಿದ್ದರಿಂದ, ಖಿಲಾಫತ್ತಿನ ಇತಿಹಾಸವು ಕೋಲಾರದ ನೆಲಕ್ಕೂ ತಾಗಿಕೊಂಡಿದೆ. ಈ ವಿಷಯದಲ್ಲಿ ಹೊಗಳಿಕೆಯ ಮತ್ತು ತೆಗಳಿಕೆಯ ಕಥೆಗಳು ಹೇರಳವಾಗಿರುವುದರಿಂದ, ಯಾವ ಮಾತಿಗೆ ಯಾವ ಆಧಾರವಿದೆ, ಆ ಆಧಾರ ಎಷ್ಟು ಹಳೆಯದು ಎಂದು ಕೇಳುವ ಅಭ್ಯಾಸ ಇಲ್ಲಿ ಹೆಚ್ಚು ಅಗತ್ಯವಾಗುತ್ತದೆ.

ಅರಬ್ಬಿಯ ‘ಖಲೀಫಾ’ ಎಂಬ ಪದಕ್ಕೆ ಉತ್ತರಾಧಿಕಾರಿ ಅಥವಾ ಪ್ರತಿನಿಧಿ ಎಂಬ ಅರ್ಥವಿದ್ದು, ಪೈಗಂಬರ್ ಮುಹಮ್ಮದರು 632ರಲ್ಲಿ ನಿಧನರಾದ ಮೇಲೆ ಮುಸ್ಲಿಂ ಸಮುದಾಯದ ನಾಯಕತ್ವ ವಹಿಸಿದವರಿಗೆ ಆ ಹೆಸರು ಬಂತು. ಆ ಪದವಿಯೂ ಅದರ ಆಳ್ವಿಕೆಯೂ ಖಿಲಾಫತ್. ಅಬೂಬಕರ್, ಉಮರ್, ಉಸ್ಮಾನ್, ಅಲಿ ಎಂಬ ಮೊದಲ ನಾಲ್ವರ ಕಾಲ 661ಕ್ಕೆ ಮುಗಿಯಿತು. ಅನಂತರ ದಮಾಸ್ಕಸ್ಸಿನ ಉಮಯ್ಯದರು 750ರವರೆಗೆ, ಅಬ್ಬಾಸಿದರು 1258ರಲ್ಲಿ ಮಂಗೋಲರು ಬಾಗ್ದಾದನ್ನು ಹಾಳುಗೆಡಹುವವರೆಗೆ ಈ ಪದವಿಯಲ್ಲಿದ್ದರು. ನಡುವೆ ಈಜಿಪ್ಟಿನ ಫಾತಿಮಿದರೂ ಸ್ಪೇನಿನ ಕಾರ್ಡೊಬಾದ ಅರಸರೂ ಅದೇ ಬಿರುದನ್ನು ಧರಿಸಿದ್ದರಿಂದ, ಖಿಲಾಫತ್ ಎಲ್ಲ ಕಾಲದಲ್ಲೂ ಒಂದೇ ಆಗಿತ್ತೆಂಬ ತಿಳಿವಳಿಕೆ ಸರಿಯಲ್ಲ. ಆಟೋಮನ್ನರ ಕೈಯಲ್ಲಿದ್ದ ಕೊನೆಯ ಖಿಲಾಫತ್ತನ್ನು ತುರ್ಕಿಯ ಸಂಸತ್ತು 1924ರ ಮಾರ್ಚ್ 3ರಂದು ರದ್ದುಗೊಳಿಸಿತು.

ಈ ದೀರ್ಘ ಇತಿಹಾಸದ ಮೊದಲ ಘಟ್ಟಕ್ಕೆ ಮುಖ್ಯ ಆಧಾರವಾಗಿರುವ ಗ್ರಂಥಗಳು ಘಟನೆಗಳು ನಡೆದು ಬಹುಕಾಲದ ಮೇಲೆ ರಚಿತವಾದವು. 923ರಲ್ಲಿ ಬಾಗ್ದಾದಿನಲ್ಲಿ ನಿಧನನಾದ ಅಲ್ ತಬರಿ ತನ್ನ ಬೃಹತ್ ಇತಿಹಾಸದಲ್ಲಿ, ಒಂದು ಮಾತನ್ನು ಯಾರಿಂದ ಯಾರು ಕೇಳಿದರೆಂಬ ಸರಣಿಯನ್ನು ಮೊದಲು ಕೊಟ್ಟು ಅನಂತರ ಸುದ್ದಿಯನ್ನು ಹೇಳುತ್ತಾನೆ. ಈ ಸರಣಿಗೆ ‘ಇಸ್ನಾದ್’ ಎಂದು ಹೆಸರು. ಒಂದೇ ಘಟನೆಗೆ ಪರಸ್ಪರ ಹೊಂದದ ಎರಡು ಮೂರು ವರದಿಗಳಿದ್ದರೆ ಅವನ್ನೆಲ್ಲ ಅವನು ಅಕ್ಕಪಕ್ಕದಲ್ಲಿಯೇ ಇಡುತ್ತಾನೆ; ಆದುದರಿಂದ ಅವನ ಪುಸ್ತಕದಿಂದ ಒಂದೇ ವರದಿಯನ್ನು ಕಿತ್ತು ತಂದು ‘ತಬರಿ ಹೇಳುತ್ತಾನೆ’ ಎಂದರೆ ಅದು ಅರ್ಧ ಸತ್ಯವಾಗುತ್ತದೆ. ಇಂತಹ ಬರಹಗಳನ್ನು ಘಟನೆಗಳ ಕಾಲದಲ್ಲಿಯೇ ಹುಟ್ಟಿದ ವಸ್ತುಗಳ ಜೊತೆ ಒರೆಗೆ ಹಚ್ಚಬೇಕು. ಈಜಿಪ್ಟಿನಲ್ಲಿ ಸಿಕ್ಕ, ಜೊಂಡಿನಿಂದ ಮಾಡಿದ ಪಪೈರಸ್ ಹಾಳೆಯೊಂದರ ಮೇಲೆ ಅರಬ್ ಸೈನ್ಯಕ್ಕೆ ಒದಗಿಸಿದ ಕುರಿಗಳ ರಸೀದಿ ಗ್ರೀಕ್ ಮತ್ತು ಅರಬ್ಬಿ ಎರಡರಲ್ಲಿಯೂ ಇದ್ದು, ಅದರಲ್ಲಿ ಹಿಜ್ರಿ 22, ಎಂದರೆ 643ನೆಯ ಇಸವಿ, ನಮೂದಾಗಿದೆ; ಖಲೀಫ ಉಮರ್ ಅವರ ಕಾಲದ ಆಡಳಿತ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಇಂತಹ ಸಾಧಾರಣ ರಸೀದಿ ನೇರವಾದ ಸಾಕ್ಷಿ.

ಆದರೆ ಸಮಕಾಲೀನ ವಸ್ತುವೆಂದ ಮಾತ್ರಕ್ಕೆ ಅದು ಹೇಳುವುದೆಲ್ಲ ನಿಜವೆಂದು ತಿಳಿಯುವಂತಿಲ್ಲ. ಖಲೀಫ ಅಲ್ ಮುಸ್ತಾಸಿಂ 1258ರಲ್ಲಿ ಮಂಗೋಲರಿಂದ ಹತನಾದ ಮೇಲೂ ದೆಹಲಿಯ ಸುಲ್ತಾನರು ಹಲವು ದಶಕಗಳ ಕಾಲ ಅವನ ಹೆಸರಿನಲ್ಲಿಯೇ ನಾಣ್ಯ ಟಂಕಿಸುತ್ತಿದ್ದರು. ಆ ನಾಣ್ಯದಿಂದ ಖಲೀಫ ಬದುಕಿದ್ದನೆಂದು ತಿಳಿಯುವುದಿಲ್ಲ. ದೆಹಲಿಯ ಅರಸನಿಗೆ ಆ ಹೆಸರಿನ ಮನ್ನಣೆ ಬೇಕಾಗಿತ್ತೆಂಬುದಷ್ಟೇ ತಿಳಿಯುತ್ತದೆ.

ಆಟೋಮನ್ನರಿಗೆ ಖಿಲಾಫತ್ ಬಂದ ಬಗೆಯ ಪ್ರಸಿದ್ಧ ಕಥೆಯೂ ಇಂತಹ ಪರೀಕ್ಷೆಗೆ ಒಳಗಾಗಬೇಕಾದದ್ದು. 1517ರಲ್ಲಿ ಈಜಿಪ್ಟನ್ನು ಗೆದ್ದ ಒಂದನೆಯ ಸೆಲೀಮನಿಗೆ ಬಾಗ್ದಾದ್ ಹಾಳಾದ ಮೇಲೂ ಕೈರೋದಲ್ಲಿ ಮುಂದುವರಿದಿದ್ದ ಅಬ್ಬಾಸಿದ್ ಮನೆತನದ ಕೊನೆಯ ಖಲೀಫ ವಿಧಿವತ್ತಾಗಿ ಪದವಿಯನ್ನು ಒಪ್ಪಿಸಿದನೆಂದು ಅನೇಕ ಪಠ್ಯಗಳು ಹೇಳುತ್ತವೆ. ಆದರೆ ಅಂಥ ಸಮಾರಂಭ ಆ ಕಾಲದ ಬರಹಗಳಲ್ಲಿ ಕಾಣುವುದಿಲ್ಲ; ಈ ಕಥೆಗೆ ಪ್ರಚಾರ ದೊರೆತದ್ದು 18ನೆಯ ಶತಮಾನದ ಕೊನೆಯ ಭಾಗದಲ್ಲಿ, ಆಟೋಮನ್ ಸಾಮ್ರಾಜ್ಯವನ್ನು ಕುರಿತು ಡೊಸ್ಸಾನ್ ಎಂಬ ಲೇಖಕ ಫ್ರೆಂಚ್‌ನಲ್ಲಿ ಬರೆದ ಗ್ರಂಥದಿಂದ. ಅದಕ್ಕೆ ಸ್ವಲ್ಪ ಮೊದಲು, 1774ರಲ್ಲಿ ರಷ್ಯಾದೊಡನೆ ಆದ ಕುಚುಕ್ ಕೈನಾರ್ಜಾ ಒಪ್ಪಂದದಲ್ಲಿ ಕ್ರಿಮಿಯಾದ ರಾಜಕೀಯ ಹಿಡಿತವನ್ನು ಕಳೆದುಕೊಂಡ ಸುಲ್ತಾನ, ಅಲ್ಲಿನ ಮುಸ್ಲಿಮರ ಮೇಲೆ ಖಲೀಫನೆಂಬ ಧಾರ್ಮಿಕ ಅಧಿಕಾರವನ್ನು ಉಳಿಸಿಕೊಂಡಿದ್ದನು. ನೆಲ ಕೈಬಿಟ್ಟ ಹೊತ್ತಿನಲ್ಲಿ ಹಳೆಯ ಬಿರುದಿಗೆ ಹೊಸ ಬೆಲೆ ಬಂದಿತು, ಬಿರುದಿಗೆ ಬೆಲೆ ಬಂದಾಗ ಅದಕ್ಕೊಂದು ಪುರಾತನ ಕಥೆಯೂ ಬೇಕಾಯಿತು.

ಟಿಪ್ಪುವಿನ ರಾಯಭಾರ ಹೊರಟದ್ದು ಸರಿಯಾಗಿ ಈ ಕಾಲದಲ್ಲಿ. 1786ರ ಮಾರ್ಚಿನಲ್ಲಿ ಗುಲಾಂ ಅಲಿ ಖಾನನ ನೇತೃತ್ವದಲ್ಲಿ ಸುಮಾರು 900 ಜನರು ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಹೊರಟು, ಮಸ್ಕತ್, ಬಸ್ರಾ, ಬಾಗ್ದಾದ್ ಮಾರ್ಗವಾಗಿ 1787ರಲ್ಲಿ ಇಸ್ತಾಂಬುಲ್ ತಲುಪಿದರು. ದಾರಿಯ ಕಷ್ಟಗಳಿಗೂ ಪ್ಲೇಗಿಗೂ ಅವರಲ್ಲಿ ಬಹುಮಂದಿ ಬಲಿಯಾದರು. ಈ ಪ್ರಯಾಣದ ಮೊದಲ ಭಾಗಕ್ಕೆ, ಜೊತೆಯಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರ್ ಪರ್ಷಿಯನ್ನಿನಲ್ಲಿ ಬರೆದ ದಿನಚರಿಯೇ ಉಳಿದಿದ್ದು, ಅದನ್ನು ಇತಿಹಾಸಕಾರ ಮೊಹಿಬ್ಬುಲ್ ಹಸನ್ 1968ರಲ್ಲಿ ಸಂಪಾದಿಸಿ ಪ್ರಕಟಿಸಿದರು.

‘ಖಲೀಫನ ಅಪ್ಪಣೆಯಿಂದಲೇ ಟಿಪ್ಪು ಸುಲ್ತಾನನಾದ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ಪರೀಕ್ಷಿಸಲು ಟಿಪ್ಪು ಏನು ಕೇಳಿದ, ಅವನಿಗೆ ಏನು ದೊರೆಯಿತು, ಅನಂತರದವರು ಏನೆಂದು ಬರೆದರು ಎಂಬ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ರಾಯಭಾರಿಗಳಿಗೆ ಕೊಟ್ಟ ‘ಹುಕುಂನಾಮೆ’, ಎಂದರೆ ಲಿಖಿತ ಆದೇಶ, ಮನ್ನಣೆ ಮತ್ತು ಸೈನ್ಯದ ನೆರವಿನ ಜೊತೆಗೆ ವ್ಯಾಪಾರಕ್ಕೂ ದೊಡ್ಡ ಸ್ಥಾನ ಕೊಟ್ಟಿತ್ತು. ಬಸ್ರಾ ಬಂದರನ್ನು ಪಡೆದು ಬದಲಿಗೆ ಮಂಗಳೂರಿನಲ್ಲಿ ಆಟೋಮನ್ನರಿಗೆ ಅವಕಾಶ ಕೊಡುವ ಯೋಜನೆ, ಬಂದೂಕು ಮತ್ತು ಗಾಜಿನ ಕುಶಲಕರ್ಮಿಗಳ ಬೇಡಿಕೆ ಅದರಲ್ಲಿದ್ದವು. ಆಟೋಮನ್ ಸುಲ್ತಾನ ಒಂದನೆಯ ಅಬ್ದುಲ್ ಹಮೀದ್ ರಾಯಭಾರಿಗಳನ್ನು ಗೌರವಿಸಿದನಾದರೂ, 1787ರಲ್ಲಿ ರಷ್ಯಾದೊಡನೆ ಯುದ್ಧಕ್ಕಿಳಿದಿದ್ದ ಅವನಿಗೆ ಬ್ರಿಟಿಷರನ್ನು ಎದುರು ಹಾಕಿಕೊಳ್ಳುವುದು ಸಾಧ್ಯವಿರಲಿಲ್ಲವಾದ್ದರಿಂದ, ಸೈನ್ಯವೂ ಬರಲಿಲ್ಲ, ಬಸ್ರಾವೂ ಸಿಗಲಿಲ್ಲ. ಇನ್ನು ಮೊಘಲ್ ಬಾದಶಹನ ಹೆಸರಿಲ್ಲದ ಟಿಪ್ಪುವಿನ ನಾಣ್ಯಗಳು ರಾಯಭಾರಕ್ಕೂ ಮೊದಲೇ ಚಲಾವಣೆಯಲ್ಲಿದ್ದುವು. ಅಂದಮೇಲೆ ಅವನು ಖಲೀಫನಿಂದ ಬಯಸಿದ್ದು ತಾನಾಗಲೇ ನಡೆಸುತ್ತಿದ್ದ ಸ್ವತಂತ್ರ ಆಳ್ವಿಕೆಗೆ ಮನ್ನಣೆಯನ್ನೇ ಹೊರತು, ಆಳ್ವಿಕೆಯನ್ನಲ್ಲ.

ಆ ನಾಣ್ಯಗಳ ಹೆಸರುಗಳೂ ಗಮನಾರ್ಹವಾಗಿವೆ. ಪೈಗಂಬರರ ನೆನಪಿನ ‘ಅಹ್ಮದಿ’ ಎಂಬ ಚಿನ್ನದ ಮೊಹರು, ಅಬೂಬಕರರ ಬಿರುದಿನಿಂದ ‘ಸಿದ್ದೀಖಿ’, ಉಮರರ ಬಿರುದಿನಿಂದ ‘ಫಾರೂಖಿ’, ಉಸ್ಮಾನರಿಂದ ತಾಮ್ರದ ‘ಉಸ್ಮಾನಿ’, ಅಲಿಯವರ ಬಿರುದನ್ನೂ ತಂದೆಯ ಹೆಸರನ್ನೂ ಒಟ್ಟಿಗೆ ನೆನಪಿಸುವ ಬೆಳ್ಳಿಯ ‘ಹೈದರಿ’: ಹೀಗೆ ಮೊದಲ ನಾಲ್ವರು ಖಲೀಫರ ನೆನಪು ಮೈಸೂರು ಸೀಮೆಯ ಸಂತೆಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಈ ನಾಣ್ಯಗಳನ್ನು ಓದುವಾಗ ಎಚ್ಚರ ತಪ್ಪಿದರೆ ಇಸವಿಯೇ ತಪ್ಪುತ್ತದೆ. 1787ರಲ್ಲಿ ಟಿಪ್ಪು ಹಿಜ್ರಿ ಶಕೆಯನ್ನು ಬಿಟ್ಟು ‘ಮೌಲೂದಿ’ ಎಂಬ ಹೊಸ ಶಕೆಯನ್ನು ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದನು. ಅದರ 1215ನೆಯ ವರ್ಷವನ್ನು ಹಿಜ್ರಿಯೆಂದು ತಿಳಿದರೆ ಆ ನಾಣ್ಯ 1800ರದ್ದಾಗಿ, 1799ರ ಮೇ 4ರಂದೇ ಮಡಿದ ದೊರೆ ಸತ್ತ ಮೇಲೆ ಟಂಕಿಸಿದಂತಾಗುತ್ತದೆ.

ಬರೆದವರ ನಿಲುವನ್ನು ತಿಳಿಯುವುದೂ ಅಷ್ಟೇ ಮುಖ್ಯ. ‘ನಿಶಾನೆ ಹೈದರಿ’ ಬರೆದ ಕಿರ್ಮಾನಿ ಟಿಪ್ಪುವಿನ ಆಸ್ಥಾನವನ್ನು ಬಲ್ಲವನಾಗಿದ್ದು ಅಭಿಮಾನದಿಂದ ಬರೆದರೆ, 1811ರಲ್ಲಿ ಟಿಪ್ಪುವಿನ ಪತ್ರಗಳನ್ನು ಆಯ್ದು ಅನುವಾದಿಸಿದ ಕರ್ಕ್‌ಪ್ಯಾಟ್ರಿಕ್ ಶತ್ರುಪಕ್ಷವಾಗಿದ್ದ ಬ್ರಿಟಿಷರ ಅಧಿಕಾರಿಯಾಗಿದ್ದನು. 1798ರಲ್ಲಿ ಆಟೋಮನ್ ಸುಲ್ತಾನ ಮೂರನೆಯ ಸೆಲೀಮ್, ಫ್ರೆಂಚರ ಸಂಗ ಬೇಡವೆಂದು ಟಿಪ್ಪುವಿಗೆ ಬರೆದ ಪತ್ರ ಕೂಡ ಬ್ರಿಟಿಷರ ಕೈಯಿಂದಲೇ ಬಂದಿತು. ಇವನ್ನೆಲ್ಲ ತಳ್ಳಿಹಾಕಬೇಕಾಗಿಲ್ಲ, ಒಬ್ಬನ ಅಭಿಮಾನವನ್ನೂ ಇನ್ನೊಬ್ಬನ ದ್ವೇಷವನ್ನೂ ಲೆಕ್ಕಕ್ಕೆ ಹಿಡಿದು, ಇಬ್ಬರೂ ಒಪ್ಪುವ ಸಂಗತಿಗಳನ್ನು ಮೊದಲು ಗುರುತಿಸಬೇಕು.

ಈ ವಿಧಾನಕ್ಕೆ ಕೋಲಾರ ಚಿನ್ನದ ಗಣಿಗಳ ಇತಿಹಾಸದಲ್ಲಿಯೇ ಒಳ್ಳೆಯ ಮಾದರಿಯಿದೆ. ಟಿಪ್ಪುವಿನ ಪತನದ ನಂತರ, 1802ರಲ್ಲಿ, ಮೈಸೂರಿನ ಗಡಿಯ ಮೋಜಣಿಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಈ ಭಾಗದಲ್ಲಿ ಚಿನ್ನವಿದೆಯೆಂಬ ಜನರ ಮಾತನ್ನು ಕೇಳಿ, ಅದನ್ನು ನಂಬಿಯೂ ಬಿಡದೆ, ತಳ್ಳಿಯೂ ಹಾಕದೆ, ಉರಿಗಾಂ ಗ್ರಾಮಸ್ಥರು ತಂದ ಮಣ್ಣನ್ನು ತನ್ನ ಕಣ್ಣೆದುರಿಗೇ ತೊಳೆಯಿಸಿ ನೋಡಿ, ಕಂಡದ್ದನ್ನು ಬರೆದಿಟ್ಟನು. ಹಲವು ದಶಕಗಳ ಮೇಲೆ ಆ ವರದಿಯನ್ನು ಓದಿದ ಮೈಕೆಲ್ ಲ್ಯಾವೆಲ್ ಸ್ಥಳಕ್ಕೆ ಬಂದು ತಾನೂ ಪರೀಕ್ಷಿಸಿದ ಮೇಲೆಯೇ 1873ರಲ್ಲಿ ಗಣಿಗಾರಿಕೆಯ ಅನುಮತಿಗಾಗಿ ಸರ್ಕಾರದ ಮೊರೆಹೋದನು. ಖಲೀಫರನ್ನು ಕುರಿತಾಗಲಿ ಬೂದಿಕೋಟೆಯ ಮನೆತನವನ್ನು ಕುರಿತಾಗಲಿ ಕೇಳಿಬರುವ ಮಾತುಗಳಿಗೂ ಇದೇ ಗೌರವ ಸಲ್ಲಬೇಕು: ಅವನ್ನು ಕಿವಿಗೊಟ್ಟು ಕೇಳಬೇಕು, ಮೂಲಕ್ಕೆ ಹೋಗಿ ತೊಳೆದು ನೋಡಬೇಕು, ಮುಂದೆ ಬರುವವರು ಮತ್ತೊಮ್ಮೆ ಪರೀಕ್ಷಿಸಲು ಅನುಕೂಲವಾಗುವಂತೆ ಬರೆದಿಡಬೇಕು.